ಮೂರನೇ ಮರಿ

ಏಪ್ರಿಲ್ 3, ಗುರುವಾರ. ರಾಮಾಪುರ

ಇಲ್ಲಿಗೆ ಬಂದು ಹದಿನಾಲ್ಕನೇ ದಿನ. ಪುಟ್ಟಬಸಮ್ಮನ ಆಡಿಗೆ ಮೂರು ಮರಿ. ಒಂದನ್ನು ಬಿದಿರಿನ ಮಂಕರಿ ಕೆಳಗೆ ಮುಚ್ಚಿಡುವುದು, ಹತ್ತು ನಿಮಿಷ ತಾಯಿಯ ವೀಡಿಯೊ, ಮತ್ತೆ ಬಿಡುವುದು. ಎರಡೇ ಮರಿ ಇರುವ ಆಡುಗಳು ಒಂದು ಕಾಣದಿದ್ದರೆ ಕೂಡಲೇ ಹುಡುಕುತ್ತವೆ. ಮೂರು ಎರಡಾದರೆ ಗೊತ್ತಾಗುತ್ತದೋ ಇಲ್ಲವೋ — ನನ್ನ ಪಿಎಚ್.ಡಿ. ನಿಂತಿರುವುದೇ ಅದರ ಮೇಲೆ. ಅವರ ಸೊಸೆ ರಾಣಿಗೆ ನಗು. ಆಡಿಗೆ ನಮ್ಮತ್ತೆಗಿಂತ ಚೆನ್ನಾಗಿ ಲೆಕ್ಕ ಬರುತ್ತದೇನೋ ನೋಡಿ ಅಂದಳು.

ಏಪ್ರಿಲ್ 7, ಮಧ್ಯಾಹ್ನ 3

ಹತ್ತು ನಿಮಿಷ ಸಾಲದು, ಅರ್ಧ ಗಂಟೆ ಮಾಡು ಅಂದಿದ್ದರು ಗೈಡ್. ಮಾಡಿದೆ. ನಡುವೆ ಅವರದೇ ಫೋನ್. ನೆಟ್‌ವರ್ಕ್ ಸಿಗಲೆಂದು ಬಸ್ ಸ್ಟಾಪಿನವರೆಗೆ ನಡೆದೆ. ಮಾತು ಬೆಳೆಯಿತು… ಮರಿ ನೆನಪಾದಾಗ ಗಂಟೆ ಒಂದೂವರೆ; ಮುಚ್ಚಿಟ್ಟು ಎರಡು ಗಂಟೆಯಾಗಿತ್ತು. ನೆರಳು ಸರಿದು ಮಂಕರಿ ಪೂರ್ತಿ ಬಿಸಿಲಲ್ಲಿ. ಮೇಲೆ ನಾನೇ ಹೊದಿಸಿದ್ದ ಗೋಣಿಚೀಲ. ಎತ್ತಿದೆ. ನಾಲಗೆ ಹೊರಗೆ. ಮೈ ಇನ್ನೂ ಸುಡುತ್ತಿತ್ತು. ಉಸಿರಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಎತ್ತಿಕೊಂಡು ಹೋಗಿ ಬೇಲಿಯಾಚೆ ಮಲಗಿಸಿದೆ. ತಾನೇ ಹೊರಗೆ ಹೋಗಿ ಸತ್ತಂತೆ ಕಾಣಲಿ ಎಂದು ಕೊಟ್ಟಿಗೆಯ ಬಾಗಿಲು ಸ್ವಲ್ಪ ಸರಿಸಿದೆ.

ಹೌದು. ನಾನೇ ಸರಿಸಿದೆ.

ಏಪ್ರಿಲ್ 8

ಕೊಟ್ಟಿಗೆಯ ಬಾಗಿಲು ಹಾಕುವುದು ರಾಣಿಯ ಕೆಲಸ. ಅತ್ತೆ ಬೈದದ್ದು ಬೀದಿಗೆಲ್ಲ ಕೇಳಿತು. ಅಕ್ಕಪಕ್ಕದವರೂ ಸೇರಿಕೊಂಡರು. ಹಾಕಿದ್ದೆ ಅಂತ ರಾಣಿ ಎರಡು ಸಲ ಅಂದಳು. ಮೂರನೇ ಸಲ ಅನ್ನಲಿಲ್ಲ. ನಾನು ಅಲ್ಲೇ ಇದ್ದೆ. ಟ್ರೈಪಾಡ್ ಮಡಚುತ್ತಿದ್ದೆ.

ಎರಡು ಮರಿ ಹಾಲು ಕುಡಿಯುತ್ತಿದ್ದರೂ ಆಡು ಸಂಜೆಯವರೆಗೆ ಕೂಗಿತು. ಆ ವೀಡಿಯೊ ಕಳಿಸಿದೆ. ಯಾಕೆ ಕಳಿಸಿದೆ… ಎಕ್ಸಲೆಂಟ್ ಡೇಟಾ, ಕೋಮಲ — ಗೈಡ್ ಮೆಸೇಜ್.

ಏಪ್ರಿಲ್ 15

ರಾಣಿ ಅಗರಕ್ಕೆ, ತವರಿಗೆ ಹೋಗಿ ಐದು ದಿನ. ಅವಳ ಪಾಲಿನ ಕೆಲಸವನ್ನೂ ಪುಟ್ಟಬಸಮ್ಮ ಒಬ್ಬರೇ ಮಾಡುತ್ತಾರೆ. ನನಗೆ ಮಾತ್ರ ಟೀ ತಪ್ಪಿಸಿಲ್ಲ. ಇವತ್ತು ಆ ಲೋಟ ಕೈಗೆ ತೆಗೆದುಕೊಳ್ಳಲಾಗಲಿಲ್ಲ. ಹೇಳಿಬಿಟ್ಟೆ. ಎಲ್ಲ. ಬಾಗಿಲಿನದೂ.

ಪುಟ್ಟಬಸಮ್ಮ ಲೋಟ ಕೆಳಗಿಟ್ಟರು. ಆಮೇಲೆ —

"ನಂಗ್ ಯೇಳುದ್ರೆ ಏನ್ ಬಂತವ್ವ. ನಾ ಬೋದಿದ್ದು ಅವುಳ್ನ. ಓಗಿ ಅವುಳ್ಗೇ ಯೇಳು."

ಏಪ್ರಿಲ್ 16. ಅಗರ

ಕೊಳ್ಳೇಗಾಲದಲ್ಲಿ ಬಸ್ ಬದಲಿಸಿ ಬಂದೆ. ರಾಣಿ ನೀರು ಕೊಟ್ಟಳು. ಅತ್ತೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಾ ಅಂತ ಕೇಳಿದಳು. ನಿಂತೇ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಾಗ್ಲಾಕಿದ್ದು ನಂಗ್ ಗೊತ್ತಿತ್ತು ಕಣಕ್ಕ. ಎಲ್ರೂ ಅಂದೂ ಅಂದೂ… ಆಕ್ನಿಲ್ವೇನೋ ಅಂತ ನಂಗೇ ಅನ್ಸೋಗಿತ್ತು."

ಅಷ್ಟೇ. ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ನಾಲ್ಕು ಗಂಟೆ ಬಸ್ಸಿಗೆ ಇಬ್ಬರೂ ಹೊರಡಬೇಕಂತೆ. ಅತ್ತೆಗೆ ಹೇಳಿದ್ದು ಸಾಲದಂತೆ — ಬೀದಿಯವರೆದುರು ಹೇಳಬೇಕಂತೆ. ಒಪ್ಪಿದೆ. ಹೇಗೆ ಶುರು ಮಾಡುವುದೋ ಇಲ್ಲೇ ಬರೆದು ನೋಡುತ್ತೇನೆ.

ರಾಣಿ ಬಾಗಿಲು ಹಾಕಿದ್ದಳು. ತೆಗೆದದ್ದು ನಾನು. ಮರಿಯನ್ನು ಬಿಸಿಲಲ್ಲಿ ಮರೆತದ್ದೂ ನಾನೇ.