ಪಕ್ಕದ ಸೀಟಿನ ಬ್ರೇಕು

ಜುಲೈ 3

ಬೆಳಗಿನ ಬ್ಯಾಚಿನ ಹಲ್ಲಿನ ಡಾಕ್ಟರು ಇವತ್ತೂ ಎದುರಿಗೆ ಲಾರಿ ಬಂದ ಕೂಡಲೇ ಕಣ್ಣು ಮುಚ್ಚಿದರು. ಬ್ರೇಕು ನಾನೇ ಒತ್ತಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುವುದು ಅದಕ್ಕೇ. ಈ ಊರಲ್ಲಿ ನೆಟ್ಟಗೆ ಕಾರು ಓಡಿಸುವವರೆಲ್ಲ ನನ್ನ ಶಿಷ್ಯರು. ಉಳಿದವರು ಗುದ್ದಿಕೊಂಡು ಓಡಾಡುತ್ತಾರೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನಿಗೆ ಇಷ್ಟು ಸಾಕಲ್ಲ.

ಮಧ್ಯಾಹ್ನ ಅಕ್ಕ ಮಗಳನ್ನು ತಂದು ಬಿಟ್ಟಳು. ಹುಡುಗಿಗೆ ಒಳ್ಳೆ ಮಾರ್ಕ್ಸು. ಮುಂದೆ ಏನು ಓದಬೇಕು ಅಂತ ಮಾತ್ರ ಗೊತ್ತಿಲ್ಲ. ಒಂದು ವರ್ಷ ಬಿಟ್ಟು ಕಾಲೇಜು ಸೇರುತ್ತೇನೆ ಅಂತ ಹಟ. ಮನೆಯಲ್ಲಿ ರಂಪ. ನಾನೇ ಬಾಯಿ ಹಾಕಿದ್ದೆ... ನನ್ನ ಹತ್ತಿರ ಬಿಡು, ಜನ ನೋಡ್ತಾಳೆ, ಕೆಲಸ ನೋಡ್ತಾಳೆ, ಕಾರು ಕಲೀತಾಳೆ, ತಲೆ ತಿಳಿಯಾಗುತ್ತೆ ಅಂತ.

"ಅಕ್ಟೋಬರ್ ಮುಗಿಯೋದ್ರೊಳಗೆ ಲೈಸೆನ್ಸು ಕೈಲಿರಬೇಕು ಕಣೋ," ಅಂದಳು ಅಕ್ಕ. "ಇಲ್ಲಾಂದ್ರೆ ಅಕೌಂಟ್ಸ್ ಕಾಲೇಜಲ್ಲಿ ಉಳಿದ ಸೀಟಿಗೆ ದುಡ್ಡು ಕಟ್ಟಿ ಸೇರಿಸಿಬಿಡ್ತೀನಿ. ಒಂದು ಕಾರು ಕಲಿಯೋಕಾಗದವಳು ವರ್ಷವಿಡೀ ಏನು ಕಡಿದು ಕಟ್ಟೆ ಹಾಕ್ತಾಳೆ?"

"ಒಂದು ತಿಂಗಳು ಸಾಕು," ಅಂದೆ.

ಅಕ್ಕ ನಕ್ಕಳು. ಆ ನಗು ನನಗೆ ಚಿಕ್ಕಂದಿನಿಂದ ಆಗಿಬರುವುದಿಲ್ಲ.

ಜುಲೈ 19

ಕ್ಲಚ್ಚು ಒಗ್ಗುತ್ತಿಲ್ಲ ಹುಡುಗಿಗೆ. ಏರಿನಲ್ಲಿ ನಿಲ್ಲಿಸಿ ಎತ್ತುವುದಂತೂ ದೇವರಿಗೇ ಪ್ರೀತಿ. ಇಂಜಿನ್ ಆಫ್, ಹಿಂದೆ ಹಾರ್ನು, ಅವಳ ಕಣ್ಣಲ್ಲಿ ನೀರು. ಸಂಜೆ ಅಕ್ಕನ ಫೋನು: ಎಲ್ಲಿಗೆ ಬಂತು ನಿನ್ನ ತಿಂಗಳು? ಅರೆದು ಕುಡಿದಿದ್ದಾಳೆ ಅಂದುಬಿಟ್ಟೆ.

ಜುಲೈ 22

ಇವತ್ತು ಏರಿನಲ್ಲಿ ನಾನೇ ಮೆಲ್ಲಗೆ ಕ್ಲಚ್ಚು ಹಿಡಿದೆ, ಬ್ರೇಕು ಬಿಟ್ಟೆ. ಅವಳ ಕಾಲ ಕೆಳಗಿನದೂ ಜೊತೆಗೇ ಇಳಿಯುತ್ತದೆ. ತಾನೇ ಒತ್ತಿದೆ ಅಂದುಕೊಳ್ಳುತ್ತಾಳೆ. ಕಾರು ಬೆಣ್ಣೆಯ ಹಾಗೆ ಎದ್ದಿತು.

"ಮಾವ, ಬಂತು," ಅಂದಳು. ಆ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. ಕೈಚಳಕ ಯಾರಿಗಾದರೂ ಇದ್ದೀತು. ಕಾಲ್ಚಳಕ ನನಗೊಬ್ಬನಿಗೇ.

ಸೆಪ್ಟೆಂಬರ್ 8

ಹುಡುಗಿಗೆ ತಲೆ ಕೆಟ್ಟಿದೆ. ಆಫೀಸಿನಲ್ಲಿ ಕೂತು ಫೋನ್ ಎತ್ತು ಅಂದರೆ ಏರುರಸ್ತೆಯ ಸರ್ಕಲ್ಲಿನಲ್ಲಿ ಹೋಗಿ ನಿಂತಿರುತ್ತಾಳೆ. ಸಿಗ್ನಲ್ಲನ್ನು ಏರಿನ ನಡುವೆ ಯಾಕಿಟ್ಟರು, ಬಸ್ಸು ತಿರುಗಲು ಜಾಗ ಯಾಕೆ ಬಿಡಲಿಲ್ಲ...

"ಇದನ್ನೆಲ್ಲ ಯಾರು ಮಾಡ್ತಾರೆ ಮಾವ?"

"ತಲೆ ಇಲ್ಲದವರು."

"ಹಾಗಾದ್ರೆ ನಾನು ಅದನ್ನೇ ಓದ್ತೀನಿ. ರಸ್ತೆ ಮಾಡೋದು."

"ತಲೆ ಇಲ್ಲದವರು ಅಂದೆನಲ್ಲ."

"ಅದಕ್ಕೇ. ತಲೆ ಇರೋರಿಗೆ ಜಾಗ ಖಾಲಿ ಇದೆ."

ಮುಂದಿನ ವರ್ಷ ಅದಕ್ಕೇ ಅರ್ಜಿ ಹಾಕುತ್ತಾಳಂತೆ. ಈಗ ಅಕೌಂಟ್ಸಿಗೆ ತಳ್ಳಿದರೆ ಎಲ್ಲಾ ನೀರುಪಾಲು. ವರ್ಷ ಬಿಡದಿದ್ದರೆ ಇವಳಿಗೆ ಇದು ಹೊಳೆಯುತ್ತಿತ್ತೆ? ಹೇಳಿದವನು ನಾನು. ಲೈಸೆನ್ಸು ಒಂದು ಬಂದರೆ ಮುಗಿಯಿತು.

ಅಕ್ಟೋಬರ್ 14

ಟೆಸ್ಟಿನಲ್ಲಿ ಹುಡುಗಿ ಫೇಲು.

ಇನ್‌ಸ್ಪೆಕ್ಟರು ನನ್ನನ್ನು ಇಳಿಸಿ ನನ್ನ ಸೀಟಿನಲ್ಲಿ ಕಾಲು ಹಿಂದಕ್ಕೆ ಮಡಚಿ ಕೂತರು. ಏರಿನಲ್ಲಿ ಆಫ್. ಮತ್ತೆ ಆಫ್. ಹಿಂದಕ್ಕೆ ಜಾರಿ ಖಾಲಿ ಡ್ರಮ್ಮಿಗೆ ತಗುಲಿತು. ನಾನು ಮರದ ಕೆಳಗೆ ನಿಂತು ನೆಲ ಒತ್ತುತ್ತಿದ್ದೆ. ಮುಂದಿನ ಟೆಸ್ಟು ನವೆಂಬರಿಗೇ.

ಊಟಕ್ಕೆ ಕೂತಾಗ ಹುಡುಗಿ, "ಇಷ್ಟು ದಿನ ಸರಿಯಾಗಿ ಎದ್ದ ಕಾರು ಇವತ್ತೇ ಯಾಕೆ ಹೀಗೆ ಮಾಡ್ತು?" ಅಂದಳು.

ನನ್ನವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಓಡಿಸೋಳು ನೀನು. ಸವೆಯೋದು ನಿಮ್ಮ ಮಾವನ ಶೂ. ಅದನ್ನ ಅವರನ್ನೇ ಕೇಳು."

ಹುಡುಗಿ ನನ್ನ ಕಡೆ ನೋಡಿದಳು. ನೀರು ಕುಡಿದೆ. ಇನ್ನೊಂದು ಲೋಟ ಕುಡಿದೆ.

ಅಕ್ಟೋಬರ್ 21

ಹುಡುಗಿ ಇವತ್ತು ಬಾಯಿ ಬಿಟ್ಟಳು. "ಕಾಲು ಮೇಲಿಡಿ ಮಾವ."

ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ನಾನು. ಊಟಕ್ಕೆ ಕೂತವನ ಹಾಗೆ. ಏರಿನಲ್ಲಿ ಆಫ್, ಬಸ್ಸಿನವನ ಬೈಗುಳ. ಹಲ್ಲಿನ ಡಾಕ್ಟರು ಸ್ಕೂಟರಿನಲ್ಲಿ ಹೋಗುತ್ತ ನನಗೆ ಟಾಟಾ ಮಾಡಿದರು.

"ಒಂದೇ ಒಂದು ಸಲ ಒತ್ತಲಾ?"

"ಅಮ್ಮನಿಗೆ ಫೋನ್ ಮಾಡಲಾ?"

ಕಾಲನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡೆ.

ಅಕ್ಟೋಬರ್ 30

ಇನ್‌ಸ್ಪೆಕ್ಟರಿಗೆ ಜ್ವರ, ಟೆಸ್ಟೇ ನಡೆದಿಲ್ಲ ಅಂತ ಅಕ್ಕನಿಗೆ ಹೇಳೋಣ ಅಂದೆ. ಹುಡುಗಿ ಕೇಳಲಿಲ್ಲ. ಫೇಲಾದೆ ಅಂತ ತಾನೇ ಫೋನಿನಲ್ಲಿ ಹೇಳಿಬಿಟ್ಟಳು. ನನ್ನ ಕಾಲಿನ ವಿಷಯ ಎತ್ತಲಿಲ್ಲ. ಅದೇ ಹೆಚ್ಚು ಉರಿಯುತ್ತಿದೆ. ಅಕ್ಕ ನಾಳೆ ಬರುತ್ತಾಳೆ. ನಾಡಿದ್ದು ಕಾಲೇಜಿಗೆ ದುಡ್ಡು.

ಅಕ್ಟೋಬರ್ 31, ಸಂಜೆ

ಅಕ್ಕ ಬ್ಯಾಗು ಕೆಳಗಿಡಲಿಲ್ಲ. "ನಿನ್ನ ಒಂದು ತಿಂಗಳು ಎಷ್ಟುದ್ದ ಇತ್ತೋ?"

"ಅಮ್ಮಾ, ಬಾ, ಕಾರಲ್ಲಿ ಕೂತ್ಕೋ," ಅಂದಳು ಹುಡುಗಿ. "ಏರು ಹತ್ತಿಸದಿದ್ರೆ ನಾನೇ ಬಂದು ಅಕೌಂಟ್ಸಿಗೆ ಸೇರ್ತೀನಿ."

ಯಾರನ್ನು ಕೇಳಿ ಹೀಗಂದಳು? ಬಡಾಯಿಗೂ ಒಂದು ಮಿತಿ ಬೇಡವೆ? ಅಕ್ಕ ನನ್ನ ಸೀಟಿನಲ್ಲಿ. ನಾನು ಹಿಂದೆ, ಒತ್ತಲು ಏನೂ ಇಲ್ಲದ ಕಡೆ.

ಏರಿನ ಸಿಗ್ನಲ್. ಹಸಿರು ಬಂತು. ಕಾರು ಅಲುಗಲಿಲ್ಲ. ಇಂಜಿನ್ ನರಳಿ ಆಫ್. ಮತ್ತೆ ಆಫ್. "ನೋಡಿದ್ಯಾ?" ಅಂದಳು ಅಕ್ಕ. ಹುಡುಗಿಯ ಕಿವಿ ಕೆಂಪಗೆ. ವಾರವಿಡೀ ನನ್ನ ಕಾಲಿಲ್ಲದೆಯೇ ಬರುತ್ತಿದ್ದದ್ದು ಈಗ ಯಾಕಿಲ್ಲ? ಬಗ್ಗಿ ನೋಡಿದೆ. ಏರು ಕಂಡು ಹೆದರಿ ಅಕ್ಕ ಎರಡೂ ಕಾಲು ಬಲವಾಗಿ ಊರಿದ್ದಳು. ಬಲಗಾಲು ಬ್ರೇಕಿನ ಮೇಲೆ.

"ಅಕ್ಕ, ಕಾಲು ತೆಗಿ."

"ಯಾಕೆ?"

"ಕಾರು ತಡೆದಿರೋದು ನೀನು. ಇಷ್ಟು ದಿನ ಅಲ್ಲಿ ಕೂತು ನಾನೂ ಒತ್ತುತ್ತಾನೇ ಇದ್ದೆ. ಅದಕ್ಕೇ ಫೇಲಾದಳು. ತೆಗಿ."

ನುಂಗುವ ಹಾಗೆ ನೋಡಿದಳು. ಕಾಲೆತ್ತಿ ಸೀಟಿನ ಮೇಲಿಟ್ಟಳು. ಹುಡುಗಿ ಮತ್ತೆ ಸ್ಟಾರ್ಟ್ ಮಾಡಿದಳು. ಕಾರು ಗೇಣು ಹಿಂದೆ ಜಾರಿತು. ನಾನು ಅಕ್ಕನ ಸೀಟಿನ ಬೆನ್ನಿಗೆ ಪಾದ ಒತ್ತಿದೆ. ನಿಂತಿತು. ಹತ್ತಿತು.

ಮೇಲೆ ಹೋದ ಮೇಲೂ ಅಕ್ಕ ಕಾಲು ಇಳಿಸಲಿಲ್ಲ. "ಆ ಸಿಗ್ನಲ್ಲನ್ನ ಅಲ್ಲಿಟ್ಟವನು ಯಾವನೇ?" ಅಂದಳು. ಹುಡುಗಿ ಹೇಳತೊಡಗಿದವಳು ಮನೆ ಬಂದರೂ ನಿಲ್ಲಿಸಲಿಲ್ಲ. ನಡುವೆ ಒಂದು ಮಾತು ಹಾಕಲು ನನಗೆ ಸಂದಿಯೇ ಇಲ್ಲ.

ಇಳಿಯುವಾಗ ಅಕ್ಕ: "ನಾಳೆ ದುಡ್ಡು ಕಟ್ಟಲ್ಲ. ನೀನು ಮಾತ್ರ ಇನ್ಮೇಲೆ ಹಿಂದೇನೇ ಕೂತ್ಕೋ."

ಗುರುವಿಗೆ ಇಷ್ಟೇ ಮರ್ಯಾದೆ. ವರ್ಷ ಬಿಡಲಿ ಅಂತ ಮೊದಲು ಹೇಳಿದವನು ಯಾರು ಅಂತ ಒಬ್ಬರಾದರೂ...

ಹೊರಗೆ ಕಾರು ಸ್ಟಾರ್ಟ್ ಆದ ಸದ್ದು. ಕೀ ಮೊಳೆಯಲ್ಲಿಲ್ಲ. ಬಾಗಿಲಲ್ಲಿ ಅಕ್ಕನ ಚಪ್ಪಲಿಯೂ ಇಲ್ಲ, ಹುಡುಗಿಯದೂ ಇಲ್ಲ. ಲೈಸೆನ್ಸೇ ಇಲ್ಲದ ಇಬ್ಬರು, ನನ್ನನ್ನು ಬಿಟ್ಟು, ಅದೂ ಏರಿನ ಕಡೆ—