ಜೀರುಂಡೆಯ ಹೊಟ್ಟೆ ಕಡೆಯ ಫೋಟೋ

ಇಸವಿ ೨೨೧೪, ಫೆಬ್ರವರಿ ೩೦
ಸಂಡೂರು ಗುಡ್ಡದ ಕೆಳಗಿನಿಂದ

ಪಂಪಾಪತಿ ಮೇಷ್ಟ್ರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ; ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನಿಮ್ಮ ಕನ್ನಡವನ್ನು ಹಳೆಯ ರೆಕಾರ್ಡಿಂಗ್ ಕೇಳಿ ಕಲಿತವಳು ನಾನು. ಮಾತು ಎಲ್ಲಾದರೂ ಸೊಟ್ಟಗಿದ್ದರೆ ಕ್ಷಮಿಸಿಬಿಡಿ, ತಿದ್ದಲು ಪುರುಸೊತ್ತಿಲ್ಲ. ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ, ನಮ್ಮೂರಿಗೆ ಸಿಕ್ಕಿರುವುದು ಇದೊಂದೇ ಸರದಿ.

ನಿಮ್ಮ ಗುಡ್ಡದ ಜೀರುಂಡೆ, ಹೊಳೆಯ ಜೀರುಂಡೆ ಎರಡೂ ಈಗಿಲ್ಲ. ಮಟಮಟ ಮಧ್ಯಾಹ್ನ ಮರಗಳೇ ಕೂಗುತ್ತಿದ್ದವು ಎಂದರೆ ನಮ್ಮ ಮಕ್ಕಳು ನಗುತ್ತಾರೆ. ಜೀವವನ್ನು ಮಲಗಿಸಿಡುವ ಚಳಿಕೋಣೆಗೆ ನಾವು ನಿದ್ದೆಮನೆ ಅನ್ನುತ್ತೇವೆ. ಅಲ್ಲಿ ಉಳಿದದ್ದು ಒಂದು ಕಡ್ಡಿ, ಅದರ ಸೀಳಿನೊಳಗೆ ಮೊಟ್ಟೆ, ಜೊತೆಗೆ ಆ ಮೊಟ್ಟೆಗಳ ತಂದೆಯ ಫೋಟೋ. ಅದು ನೀವು ತೆಗೆದದ್ದು.

ಇವತ್ತು ಬೆಳಿಗ್ಗೆ ಮೊಟ್ಟೆ ಒಡೆದಿವೆ. ಅಕ್ಕಿಕಾಳಿಗಿಂತ ಸಣ್ಣ ಮರಿಗಳು. ಹೊತ್ತು ಮುಳುಗುವುದರೊಳಗೆ ಮಣ್ಣಿಗಿಳಿದು ಬೇರು ಹಿಡಿಯದಿದ್ದರೆ ಒಣಗಿ ಸಾಯುತ್ತವೆ. ಗುಡ್ಡದ್ದಾದರೆ ದಿಂಡಿಗ ಮರದ ಬೇರು, ಹೊಳೆಯದ್ದಾದರೆ ಹೊಳೆಮತ್ತಿ ಮರದ ಬೇರು. ಅದಲುಬದಲಾದರೆ ಒಂದೂ ಉಳಿಯುವುದಿಲ್ಲ. ಅರ್ಧರ್ಧ ಹಂಚೋಣವೆಂದರೆ ಇರುವುದೇ ಒಂದು ಚಿಟಿಕೆ.

ನಿಮ್ಮ ಫೋಟೋ ಚೆಂದವಿದೆ, ಸುಳ್ಳೇಕೆ ಹೇಳಲಿ. ಗಾಜಿನಂಥ ರೆಕ್ಕೆ, ಹಸಿರು ಬೆನ್ನು, ಬೆನ್ನ ಮೇಲಿನ ಕಪ್ಪು ಗೀಟು, ಎಲ್ಲ ಕಾಣುತ್ತದೆ. ಆದರೆ ಮೇಷ್ಟ್ರೇ, ಆ ಬೆನ್ನು ಎರಡಕ್ಕೂ ಒಂದೇ! ಗಂಡಿನ ಹೊಟ್ಟೆಯಡಿ ಸದ್ದು ಮಾಡುವ ಜಾಗಕ್ಕೆ ಎರಡು ಮುಚ್ಚಳ ಇರುತ್ತವಲ್ಲ, ವ್ಯತ್ಯಾಸ ಅಲ್ಲಿದೆ. ಗುಡ್ಡದ್ದಕ್ಕೆ ಉದ್ದ, ಹೊಳೆಯದ್ದಕ್ಕೆ ಗಿಡ್ಡ. ನಿಮ್ಮ ಕಾಲದವರಿಗೆಲ್ಲ ರೆಕ್ಕೆಯದೇ ಹುಚ್ಚು. ಒಬ್ಬರಾದರೂ ಮಗುಚಿ ನೋಡಬಾರದೇ? ಯಾವ ಮರದ ಮೇಲೆ ಕೂತಿತ್ತು ಅಂತಲೂ ಬರೆದಿಲ್ಲ ನೀವು. ನನಗೆ ಸಿಟ್ಟು ಬರುತ್ತಿದೆ.

ಮರಿ ಸಾಕುವುದರಲ್ಲಿ ನನ್ನ ಜೊತೆಗಾರರಾದ ಹೊನ್ನೂರಸಾಬರು ಹೊಳೆಯದ್ದೇ ಎಂದು ಪಟ್ಟು ಹಿಡಿದಿದ್ದಾರೆ, ಗೀಟು ದಪ್ಪಗಿದೆಯಂತೆ. ಅದು ಬರೀ ನೆರಳು ಕಣ್ರೀ ಅಂತ ನಾನು. ಊರಿನಲ್ಲಿ ಆ ವರ್ಷ ಹೆತ್ತ ತಾಯಂದಿರೇ ನಿದ್ದೆಮನೆಯ ಮರಿಗಳನ್ನು ಮಣ್ಣಿಗಿಡಬೇಕೆಂಬುದು ನಮ್ಮ ಪದ್ಧತಿ. ಬಾಣಂತಿಯರು ಕಿವಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತಿದ್ದಾರೆ, ಗುಡ್ಡಕ್ಕೋ ಹೊಳೆಗೋ ಎಂದು ನನ್ನ ಮುಖ ನೋಡುತ್ತಿದ್ದಾರೆ.

ನೀವು ಕ್ಯಾಮೆರಾ ಹಿಡಿದು ಹೊರಡುವ ಆ ಬೆಳಿಗ್ಗೆಯೇ ಈ ಕಾಗದ ನಿಮ್ಮ ಕೈ ಸೇರಬೇಕು. ದಯವಿಟ್ಟು ಆ ಗಂಡನ್ನು ರೆಕ್ಕೆ ಕೂಡಿಸಿ ಮೆಲ್ಲಗೆ ಹಿಡಿದು, ಹೊಟ್ಟೆಯದೂ ಒಂದು ಫೋಟೋ ತೆಗೆಯಿರಿ. ಕಿರುಚಾಡುತ್ತದೆ, ಹೆದರಬೇಡಿ, ಏನೂ ಮಾಡುವುದಿಲ್ಲ. ಆಮೇಲೆ ಕೂತಿದ್ದ ಮರಕ್ಕೇ ಬಿಟ್ಟುಬಿಡಿ.

ಒಂದು ಯೋಚನೆ ಮಾತ್ರ ಎದೆ ಕೊರೆಯುತ್ತಿದೆ. ನೀವು ನನ್ನ ಮಾತು ಕೇಳಿದ್ದರೆ ಆ ಎರಡನೇ ಫೋಟೋ ಇಷ್ಟು ಹೊತ್ತಿಗೆ ಇಲ್ಲಿ ಇರಬೇಕಿತ್ತಲ್ಲವೇ? ಈಗಷ್ಟೇ ಎದ್ದು ಹೋಗಿ ನೋಡಿ ಬಂದೆ. ಬೆನ್ನಿನದೊಂದೇ ಇದೆ. ಹೊನ್ನೂರಸಾಬರಿಗೆ ಹೇಳಿಲ್ಲ. ಆದರೂ ಕಳಿಸುತ್ತಿದ್ದೇನೆ, ಮೇಷ್ಟ್ರೇ. ಮಗುಚಿ ನೋಡಿ.

ಹುಲಿಗೆಮ್ಮ