ಕಾಡು ಅವರೆಯ ಬಾಟಲಿ

ಮಾರ್ಚ್ ೧೪, ಶನಿವಾರ

ಕಳೆದ ಸೋಮವಾರವೇ ಆ ಬಾಟಲಿ ತೊಳೆದಿಡಬೇಕಿತ್ತು. ಒಳಗೆ ಯಾವ ಹುಳ ಬೆಳೆಯುತ್ತದೆಂದು ತಿಳಿಯಲು ಬಾಟಲಿಯಲ್ಲಿಟ್ಟು ಎಂಟು ತಿಂಗಳಾದರೂ ಕಾಡು ಅವರೆಯ ಬೀಜದಿಂದ ಒಂದು ಹುಳವೂ ಹೊರಬಂದಿಲ್ಲ, ಕಾದದ್ದು ಸಾಕು ಎಂದು ಪ್ರಯೋಗಾಲಯದ ಮುಖ್ಯಸ್ಥರು ಹೇಳಿಬಿಟ್ಟಿದ್ದರು. ತೊಳೆಯಲು ಮನಸ್ಸು ಬಾರದೆ ಮನೆಗೆ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೆ.

ಸಂಜೆ ಅತ್ತೆ ಅಲ್ಲಿಂದಲೇ ಕೂಗಿದರು: "ಅಯ್ಯೋ, ನಿನ್ನ ಕಾಳಿಗೆ ಹುಳ ಬಿದ್ದಿದೆ ಕಣೇ! ಬಿಸಿಲಿಗೆ ಹಾಕು ಅಂತ ಬಡ್ಕೊಂಡೆ, ಕೇಳಿದ್ಯಾ?"

ಅರ್ಧ ಹೆಣೆದ ಜಡೆ ಹಾಗೇ ಬಿಟ್ಟು ಓಡಿದೆ. ಒಂದು ಬೀಜದಲ್ಲಿ ಅಚ್ಚುಕಟ್ಟಾದ ದುಂಡು ತೂತು. ಪಕ್ಕದಲ್ಲಿ ಎಳ್ಳಿನಷ್ಟು ಕಂದು ಜೀರುಂಡೆ ಮೀಸೆ ಒರೆಸಿಕೊಳ್ಳುತ್ತಿತ್ತು. ಅತ್ತೆಯನ್ನು ತಬ್ಬಿಕೊಂಡು ಎರಡು ಸುತ್ತು ಕುಣಿದೆ. ಕಾಳಿಗೆ ಹುಳ ಬಿತ್ತೆಂದು ಕುಣಿದ ಸೊಸೆಯನ್ನು ಈ ಮನೆ ಕಂಡದ್ದು ಇದೇ ಮೊದಲು.

ಜೀವಮಾನವಿಡೀ ಇಂಥ ಹುಳಗಳನ್ನು ಮೊರದಿಂದಾಚೆ ಹಾರಿಸಿದ ಅತ್ತೆ ಬಾಟಲಿಗೆ ಮುಖವಿಟ್ಟು ಕೇಳಿದರು: "ಪಾಪ, ತಿನ್ನೋಕೆ ಏನಾದ್ರೂ ಹಾಕೋಣ್ವಾ?"

"ಬೇಡ ಅತ್ತೆ. ಮರಿಯಾಗಿದ್ದಾಗ್ಲೇ ಒಳಗೆಲ್ಲ ತಿಂದು ಮುಗಿಸಿರತ್ತೆ."

"ಹಾಗಾದ್ರೆ ನಲವತ್ತು ವರ್ಷದಲ್ಲಿ ಈ ಮನೆಗೆ ಊಟ ಮಾಡ್ಕೊಂಡೇ ಬಂದಿರೋ ನೆಂಟ ಇದೊಂದೇ ನೋಡು!"

ಬರೆಯುವಾಗಲೂ ನಗು ತಡೆಯಲಾಗುತ್ತಿಲ್ಲ. ದೀಪ ಆರಿಸುವ ಮುನ್ನ ಇನ್ನೊಮ್ಮೆ ಹೋಗಿ ನೋಡಿಬಂದೆ. ಮತ್ತೊಂದು ಬೀಜದ ಸಿಪ್ಪೆಯ ಮೇಲೂ ದುಂಡನೆಯ ಗೆರೆ ಮೂಡಿದೆ. ಒಳಗೆ ಯಾರೋ ಊಟ ಮುಗಿಸುತ್ತಿದ್ದಾರೆ.